ಉರ್ಫ್‌ನ ಆಚೆಗಿದ್ದ ಹೆಸರುಗಳು

ಕಳೆದ ತಿಂಗಳು ಹುಮನಾಬಾದಿನಲ್ಲಿ ಬಸ್ಸು ಬದಲಿಸಬೇಕಾಗಿ ಬಂದು, ಮಳೆ ಜೋರಾದ್ದರಿಂದ ಒಂದು ಲಾರಿ ಬುಕಿಂಗ್ ಆಫೀಸಿನ ಕಟ್ಟೆಯ ಮೇಲೆ ನಿಂತಿದ್ದೆ. ಒಳಗೆ ಹಳೆಯ ಕಾಲದ ಪ್ರಿಂಟರೊಂದು ಕರಕರ ಸದ್ದು ಮಾಡುತ್ತ ರಸೀದಿಗಳನ್ನು ಹೊರಹಾಕುತ್ತಿತ್ತು. ಅದರ ಶಾಯಿಯ ಪಟ್ಟಿ ಬಿಸಿಯಾದಾಗ ಬರುವ ವಾಸನೆ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಬಿಸಿಲಿಗೆ ಒಣಹಾಕಿದಂತಹ ವಾಸನೆ, ತೋಯ್ದ ಕೆಂಪು ಮಣ್ಣಿನ ವಾಸನೆಯೊಡನೆ ಬೆರೆತು ಬಂತು. ಮಳೆ ನಿಂತ ಮೇಲೂ ನಾನು ಅಲ್ಲಿಂದ ಕದಲಲಿಲ್ಲ. ಬಸ್ಸು ಹೋಯಿತು.

ಆ ವಾಸನೆ ನನ್ನನ್ನು ಎಂಬತ್ತೆಂಟನೆಯ ಇಸವಿಯ ಮಳೆಗಾಲಕ್ಕೆ ಒಯ್ದಿತ್ತು. ಬಸವಕಲ್ಯಾಣದಲ್ಲಿ ಬಿ.ಎಸ್‌ಸಿ. ಮುಗಿಸಿ ನನಗೆ ಒಂದು ವರ್ಷವಾಗಿತ್ತು. ನಮ್ಮದು ಮಂಠಾಳದ ಕೂಲಿ ಮನೆತನ. ನಮ್ಮ ಮನೆಯಲ್ಲಿ ಸಹಿ ಎಂಬುದು ನನ್ನಿಂದ ಆರಂಭವಾಯಿತು. ಅದಕ್ಕೆ ಮೊದಲು ಹೆಬ್ಬೆಟ್ಟು. ಆದ್ದರಿಂದ ನಾನು ಯಾವ ಕಾಗದವನ್ನು ಬರೆದರೂ ಎರಡು ಸಲ ಓದುತ್ತಿದ್ದೆ. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರವನ್ನು ಮೊದಲು ಮನಸ್ಸಿನಲ್ಲಿ ಹೇಳಿಕೊಂಡು ಆಮೇಲೆ ಬಾಯಿ ತೆರೆಯುತ್ತಿದ್ದೆ. ಆ ವರ್ಷ ಹೊಲವೂ ಮನೆಯೂ ಇಲ್ಲದ ಕುಟುಂಬಗಳಿಗೆ ನಿವೇಶನ ಹಂಚುವ ಕೆಲಸಕ್ಕಾಗಿ ಹುಮನಾಬಾದಿನಲ್ಲಿ ಒಂದು ತಾತ್ಕಾಲಿಕ ಕಚೇರಿ ತೆರೆದರು. ಬಾಡಿಗೆಯ ಮನೆ, ಮೂರು ಕೋಣೆ, ಅದರಲ್ಲೊಂದು ಕೋಣೆಯಲ್ಲಿ ಕಂಪ್ಯೂಟರ್. ಹುಮನಾಬಾದ, ಬಸವಕಲ್ಯಾಣ, ಈ ಎರಡೂ ತಾಲೂಕುಗಳ ಕೆಲವು ಹಳ್ಳಿಗಳ ಪಟ್ಟಿಯನ್ನು ಅದರಲ್ಲಿ ಸಿದ್ಧಪಡಿಸಬೇಕಾಗಿತ್ತು. ಗಣಿತ ಓದಿದವನು ಎಂದು ನನ್ನನ್ನು ಆರು ತಿಂಗಳ ಮಟ್ಟಿಗೆ ತೆಗೆದುಕೊಂಡರು. ಪಟ್ಟಿ ನಿಗದಿಯಾದ ದಿನಕ್ಕೆ ಸರಿಯಾಗಿ ಹೊರಬಂದರೆ ನೌಕರಿ ಕಾಯಂ ಆಗುವುದೆಂದೂ, ಇಲ್ಲವಾದರೆ ಇಲ್ಲವೆಂದೂ ಮೊದಲ ದಿನವೇ ತಿಳಿಸಿದ್ದರು.

ನಮಗೆ ಕಲಿಸಲು ಬಂದವರು ವಿಶ್ವನಾಥ ಸರ್, ಮೈಸೂರು ಕಡೆಯವರು. ಎರಡು ತಿಂಗಳು ಅವರು ನನಗೆ ಯಂತ್ರವನ್ನು ಮುಟ್ಟಗೊಡಲಿಲ್ಲ. ಚೌಕಳಿ ಹಾಳೆಗಳ ಮೇಲೆ ಪೆನ್ಸಿಲಿನಿಂದ ಕೋಷ್ಟಕಗಳನ್ನು ಬರೆಸಿದರು, ಅಳಿಸಿದರು, ಮತ್ತೆ ಬರೆಸಿದರು. "ಯಂತ್ರ ಕೊನೇಲಿ ಬರುತ್ತೆ ಮಾಣಿಕ್. ಮೊದಲು ಊರನ್ನ ಹಾಳೆ ಮೇಲೆ ಕೂರ್ಸೋದು ಕಲೀರಿ" ಎನ್ನುತ್ತಿದ್ದರು. ಒಂದು ಸಂಗತಿಯನ್ನು ಒಂದೇ ಜಾಗದಲ್ಲಿ ಬರೆಯಬೇಕು. ಒಂದು ಮನೆಯಲ್ಲಿ, ಅಂದರೆ ಕೋಷ್ಟಕದ ಒಂದು ಚೌಕದಲ್ಲಿ, ಒಂದೇ ಮೌಲ್ಯವಿರಬೇಕು. ಪ್ರತಿಯೊಂದು ಸಾಲನ್ನು ಬೇರೆಲ್ಲ ಸಾಲುಗಳಿಂದ ಬೇರ್ಪಡಿಸುವ ಗುರುತೊಂದಿರಬೇಕು. ಎರಡು ಕೋಷ್ಟಕಗಳನ್ನು ಆ ಗುರುತಿನ ಆಧಾರದಿಂದ ಜೋಡಿಸಬಹುದು. ಈ ನಾಲ್ಕು ಮಾತುಗಳು ನನಗೆ ನೀಡಿದ ಸಂತೋಷವನ್ನು ಇಂದು ವಿವರಿಸುವುದು ಕಷ್ಟ. ನನ್ನ ಜನ್ಮದಿನಾಂಕವನ್ನು ಶಾಲೆಯ ಮಾಸ್ತರರು ತಮಗೆ ತೋಚಿದಂತೆ ಬರೆದಿದ್ದರು. ನನ್ನ ತಂದೆಯ ಹೆಸರು ಮೂರು ಕಾಗದಗಳಲ್ಲಿ ಮೂರು ಬಗೆಯಾಗಿತ್ತು. ಅಂತಹ ಮನೆಯಿಂದ ಬಂದವನಿಗೆ, ಪ್ರತಿಯೊಂದಕ್ಕೂ ಒಂದು ಸ್ಥಾನ, ಪ್ರತಿಯೊಬ್ಬರಿಗೂ ಒಂದು ಸಾಲು ಎಂಬ ನಿಯಮ ನ್ಯಾಯದ ಇನ್ನೊಂದು ಹೆಸರಿನಂತೆ ಕೇಳಿಸಿತು.

ಕಚೇರಿಯಲ್ಲಿ ಇನ್ನೊಬ್ಬರಿದ್ದರು, ಖಾದರ್ ಸಾಹೇಬರು. ನಿವೃತ್ತಿಗೆ ಬಂದ ಗುಮಾಸ್ತರು. ಉರ್ದುವಿನಲ್ಲಿ ದಫ್ತರ ಬರೆಯಲು ಕಲಿತು, ಆಮೇಲೆ ಕನ್ನಡದಲ್ಲಿ ಅದಕ್ಕಿಂತ ಚೆಂದವಾಗಿ ಬರೆದವರು. ನಮ್ಮ ಎರಡೂ ಮೂಲ ಪಟ್ಟಿಗಳನ್ನು ದೊಡ್ಡ ರಿಜಿಸ್ಟರುಗಳಿಗೆ ಎತ್ತಿ ಬರೆದವರು ಅವರೇ. ಒಂದು, ಶಾಲಾ ಮಾಸ್ತರರು ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆ; ಇನ್ನೊಂದು, ರೇಷನ್ ಕಾರ್ಡಿನ ಪಟ್ಟಿ. ಹಕ್ಕುಪತ್ರ ಮನೆಯ ಹೆಣ್ಣುಮಗಳ ಹೆಸರಿನಲ್ಲಿ ಬರಬೇಕೆಂಬ ಆದೇಶವಿದ್ದುದರಿಂದ ಎರಡರಲ್ಲಿಯೂ ಹೆಣ್ಣುಮಕ್ಕಳ ಹೆಸರುಗಳಿದ್ದವು. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕೆಂಬ ನಿಯಮಕ್ಕೆ ಖಾದರ್ ಸಾಹೇಬರು ನಗುತ್ತಿದ್ದರು.

"ಏನ್ ಮಾಣಿಕರಾವ, ದರ್ಗಾಕ್ಕ ಹೊಂಟೀರೇನು? ನಮ್ಮ ಕಡಿಂದೂ ಒಂದು ಚಾದರ ಹೊಚ್ಚಿ ಬರ್ರಿ."

"ನೀವೂ ಒಳಗ ಬರ್ರಿ ಸಾಹೇಬ್ರ."

"ಬ್ಯಾಡಪ್ಪ. ಒಳಗ ಥಂಡಿ ಭಾಳ ಅದ. ನಾವು ಬಿಸಲಾಗ ಬರದವ್ರು, ನಮಗ ಬಿಸಲಾ ಬೇಶ್."

ನಾನು ಬಸವಕಲ್ಯಾಣದಲ್ಲಿ ಬಾಡಿಗೆ ಕೋಣೆ ಹಿಡಿದು ದಿನಾಲೂ ಹುಮನಾಬಾದಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ದಾರಿಯಲ್ಲಿ ರಾಜೇಶ್ವರ. ಅಲ್ಲಿಂದ ಎರಡು ಹರದಾರಿಯ ಒಂದು ಸಣ್ಣ ಹಳ್ಳಿಗೆ ನನ್ನ ಅಕ್ಕನನ್ನು ಕೊಟ್ಟಿದ್ದರು. ರವಿವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದೆ. ಊರ ಹೊರಗೆ ಒಬ್ಬ ಸಾವುಕಾರರ ಜಾಗದಲ್ಲಿ ಹತ್ತು ಹನ್ನೆರಡು ಗುಡಿಸಲುಗಳ ಒಂದು ಓಣಿ. ಆ ಓಣಿಯ ಹೆಣ್ಣುಮಕ್ಕಳೆಲ್ಲ ಒಂದೇ ಗುಂಪಾಗಿ ಉದ್ದು, ಹೆಸರಿನ ಹೊಲಗಳಿಗೆ ಕಳೆ ತೆಗೆಯಲು ಹೋಗುತ್ತಿದ್ದರು. ಪಕ್ಕದ ಗುಡಿಸಲಿನಾಕೆ, ಅಕ್ಕನ ಮಾತಿನಲ್ಲಿ ಗಂಗಾಬಾಯಿ, ನಾನು ಹೋದಾಗಲೆಲ್ಲ ಮೊದಲು ತನ್ನ ಒಲೆಯ ರೊಟ್ಟಿ ತಿನ್ನಿಸಿಯೇ ಅಕ್ಕನ ಮನೆಗೆ ಬಿಡುತ್ತಿದ್ದಳು.

"ಸಾಹೇಬ ಆಗಿ ಬಂದಾನ, ನಮ್ಮ ರೊಟ್ಟಿ ಗಂಟಲದಾಗ ಇಳಿತಾವೋ ಇಲ್ಲೋ" ಎಂದು ಆಕೆ ಅಣಕಿಸಿದರೆ, ಅಕ್ಕ ಒಳಗಿನಿಂದಲೇ, "ಇಳಿಲಿಕ್ಕಂದ್ರ ಒಂದು ಗುದ್ದು ಹಾಕು, ತಾನ ಇಳಿತದ" ಎನ್ನುತ್ತಿದ್ದಳು.

ಆ ವರ್ಷ ಸಾವುಕಾರರು ತೊಗರಿ ರಾಶಿಯಾಗುತ್ತಲೇ ಜಾಗ ಖಾಲಿ ಮಾಡಬೇಕೆಂದು ಹೇಳಿಕಳಿಸಿದ್ದರು. ಅಲ್ಲಿ ಗೋದಾಮು ಕಟ್ಟುವವರಿದ್ದರು. ಓಣಿಯವರಿಗೆಲ್ಲ ಉಳಿದಿದ್ದುದು ಈ ನಿವೇಶನವೊಂದೇ. ಅಕ್ಕ ನನ್ನನ್ನು ಒಮ್ಮೆಯೂ ನೇರವಾಗಿ ಕೇಳಲಿಲ್ಲ. ಒಂದು ರವಿವಾರ ಮಾತ್ರ, "ತಮ್ಮಾ, ನಿಮ್ಮ ಮಷೀನ್ ತಪ್ಪು ಮಾಡಂಗಿಲ್ಲಂತ, ಖರೇನು?" ಎಂದಳು.

"ಮಾಡಂಗಿಲ್ಲ ಅಕ್ಕಾ" ಎಂದೆ.

ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮಹಾರಾಷ್ಟ್ರಕ್ಕೆ ಹತ್ತಿಕೊಂಡ ನಮ್ಮ ಹಳ್ಳಿಗಳ ಬಹಳಷ್ಟು ಮನೆಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರು ಬದಲಾಗುತ್ತದೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡನು ಉಂಗುರದ ಬೆರಳಿನಿಂದ ಹೊಸ ಹೆಸರನ್ನು ಬರೆಯುತ್ತಾನೆ. ಆ ದಿನದಿಂದ ಅತ್ತೆಯ ಮನೆಯಲ್ಲಿ ಅದೇ ಹೆಸರು. ತವರಿನ ಹೆಸರು ತವರಿನಲ್ಲಿಯೇ ಉಳಿಯುತ್ತದೆ. ನನ್ನ ಅಕ್ಕ ನಮಗೆ ಶಾಂತಾ. ಅತ್ತೆಯ ಮನೆಯಲ್ಲಿ ರುಕ್ಮಿಣಿ. ಭಾವ ತುಕಾರಾಮನಿಗೆ ಅಕ್ಷರ ಬರುತ್ತಿರಲಿಲ್ಲ. ಆ ಮನೆಯವರಲ್ಲಿ ಯಾರಿಗೂ ಬರುತ್ತಿರಲಿಲ್ಲ. ಆಗ ಒಂಬತ್ತನೆಯ ಇಯತ್ತೆಯಲ್ಲಿದ್ದ ನಾನೇ ಅವನ ಬೆರಳನ್ನು ಹಿಡಿದು ಅಕ್ಕಿಯಲ್ಲಿ 'ರುಕ್ಮಿಣಿ' ಎಂದು ಬರೆಸಿದ್ದೆ. ಆದ್ದರಿಂದ, ಮುಂದೆ ನಡೆದುದಕ್ಕೆ ನನಗೆ ತಿಳಿದಿರಲಿಲ್ಲ ಎಂದು ಹೇಳುವ ಅವಕಾಶ ನನಗಿಲ್ಲ.

ಖಾದರ್ ಸಾಹೇಬರ ರಿಜಿಸ್ಟರುಗಳಲ್ಲಿ ಈ ಎರಡೂ ಹೆಸರುಗಳಿದ್ದವು. ಹಳೆಯ ದಫ್ತರದ ರೂಢಿಯಂತೆ ಅವರು ನಡುವೆ 'ಉರ್ಫ್' ಎಂದು ಬರೆಯುತ್ತಿದ್ದರು. ಸಮೀಕ್ಷೆಯ ಮಾಸ್ತರರು ಹೋದಾಗ ಗಂಡಸರು ಕೂಲಿಗೆ ಹೋಗಿರುತ್ತಿದ್ದರು. ಹೆಣ್ಣುಮಕ್ಕಳೇ ಬಾಗಿಲಿಗೆ ಬಂದು ತಮ್ಮ ತಾಯಿ ಇಟ್ಟ ಹೆಸರನ್ನು ಮೊದಲು ಹೇಳಿದ್ದರು. ರೇಷನ್ ಕಾರ್ಡು ಮಾಡಿಸಲು ಹೋದವರು ಗಂಡಸರು. ಅವರು ತಾವಿಟ್ಟ ಹೆಸರನ್ನು ಮೊದಲು ಹೇಳಿದ್ದರು. ಹೀಗಾಗಿ ಒಂದರಲ್ಲಿ 'ಶಾಂತಾ ಉರ್ಫ್ ರುಕ್ಮಿಣಿ', ಇನ್ನೊಂದರಲ್ಲಿ 'ರುಕ್ಮಿಣಿ ಉರ್ಫ್ ಶಾಂತಾ'.

ವಿನ್ಯಾಸದ ಹಾಳೆಗಳು ಮುಗಿಯುತ್ತ ಬಂದಾಗ, ಆಷಾಢದ ಒಂದು ಮಧ್ಯಾಹ್ನ, ವಿಶ್ವನಾಥ ಸರ್ ಪೆನ್ಸಿಲ್ ಕೆಳಗಿಟ್ಟು ನನ್ನನ್ನು ನೋಡಿದರು.

"ಸಮೀಕ್ಷೆಯಲ್ಲಿ ಕಾರ್ಡಿನ ನಂಬರ್ ಇಲ್ಲ. ಹಾಗಾಗಿ ಹೆಸರು, ಗಂಡನ ಹೆಸರು, ಊರು, ಈ ಮೂರರ ಮೇಲೇ ಜೋಡಿಸ್ಬೇಕು. ನಾನು ಹೊರಗಿನೋನು ಮಾಣಿಕ್. ಈ ಹೆಸರುಗಳ ವಿಚಾರದಲ್ಲಿ ನನಗೆ ಗೊತ್ತಿಲ್ಲದ್ದು ಏನಾದ್ರೂ ಇದೆಯಾ? ಈ 'ಉರ್ಫ್' ಅಂತ ಬರ್ದಿದಾರಲ್ಲ, ಇದೇನು?"

ಉತ್ತರ ನನ್ನ ಬಾಯಿಯಲ್ಲಿತ್ತು. ಆದರೆ ಅದನ್ನು ಹೇಳಬೇಕಾದರೆ ಅಕ್ಕಿಯ ತಾಟು, ಉಂಗುರ, ನಮ್ಮ ಮನೆಯ ಹೆಣ್ಣುಮಕ್ಕಳ ಎರಡೆರಡು ಹೆಸರು, ಎಲ್ಲವನ್ನೂ ಆ ತಂಪು ಕೋಣೆಯಲ್ಲಿ, ಆ ಶುದ್ಧ ಕನ್ನಡದ ಎದುರಿನಲ್ಲಿ ಬಿಚ್ಚಿಡಬೇಕಾಗಿತ್ತು. ನಮ್ಮ ಜನ ತಮ್ಮ ಹೆಸರನ್ನೂ ಸರಿಯಾಗಿ ಇಟ್ಟುಕೊಂಡಿಲ್ಲ ಎಂದು ಅವರು ಭಾವಿಸಿಯಾರು ಎಂಬ ಅಂಜಿಕೆ. ಎರಡು ತಿಂಗಳು ಕಷ್ಟಪಟ್ಟು ಕಲಿತ 'ಒಂದು ಚೌಕಕ್ಕೆ ಒಂದೇ ಮೌಲ್ಯ' ಎಂಬ ನಿಯಮವನ್ನು ನಾನೇ ಕೆಡಿಸುವವನಂತೆ ಕಾಣಬಾರದೆಂಬ ಅಂಜಿಕೆ ಅದಕ್ಕಿಂತ ದೊಡ್ಡದು.

"ವಿಶೇಷವೇನಿಲ್ಲ ಸರ್. ಮನೆಯಲ್ಲಿ ಕರೆಯುವ ಅಡ್ಡಹೆಸರು. ಬಿಟ್ಟರೂ ನಡೆಯುತ್ತದೆ" ಎಂದೆ. ವಾಕ್ಯ ಶುದ್ಧವಾಗಿತ್ತು. ಅವರು ತಲೆಯಾಡಿಸಿ, ಹೆಸರಿನ ಚೌಕಕ್ಕೆ ಇಪ್ಪತ್ತು ಅಕ್ಷರಗಳ ಮಿತಿ ಹಾಕಿದರು.

ಶ್ರಾವಣದಲ್ಲಿ ಹೆಸರುಗಳನ್ನು ಯಂತ್ರಕ್ಕೆ ತುಂಬಲು ಕುಳಿತೆ. ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಒಂದೇ ಹೆಸರು ಎರಡು ಬಗೆಯಾಗದಂತೆ ನಾನೊಂದು ನಿಯಮಾವಳಿಯನ್ನೇ ಸಿದ್ಧಪಡಿಸಿಕೊಂಡಿದ್ದೆ. ಪ್ರತಿಯೊಂದು ಸಾಲಿನಲ್ಲಿಯೂ 'ಉರ್ಫ್' ಬಂದ ಕೂಡಲೇ ಕೈ ನಿಲ್ಲಿಸಿ ಮುಂದಿನ ಸಾಲಿಗೆ ಹೋಗುತ್ತಿದ್ದೆ. ಖಾದರ್ ಸಾಹೇಬರು ಬಾಗಿಲಲ್ಲಿ ನಿಂತು ರಿಜಿಸ್ಟರಿನ ಮೇಲೆ ಸರಿಯುವ ನನ್ನ ಅಳತೆಪಟ್ಟಿಯನ್ನು ನೋಡುತ್ತಿದ್ದರು.

"ಮಾಣಿಕರಾವ, ಉರ್ಫ್ ಯಾಕ ಬಿಡಾಕತ್ತೀರಿ?"

"ಒಂದ ಹೆಸರು ಸಾಕು ಸಾಹೇಬ್ರ. ನಿಯಮ ಹಾಂಗ ಅದ."

"ನಿಯಮ ಯಾರು ಮಾಡ್ಯಾರೋ ನನಗ ಗೊತ್ತಿಲ್ಲ. ನಲವತ್ತು ವರ್ಷ ದಫ್ತರ ಬರದೀನಿ. ಈ ಮುಲ್ಕದಾಗ ಉರ್ಫ್ ಬಿಟ್ರ ಅರ್ಧ ಊರ ಬಿಟ್ಟಂಗ. ಸಾಹೇಬರಿಗಿ ಕೇಳಿ ನೋಡ್ರಿ."

"ಕೇಳೀನ್ರಿ. ಅವ್ರಾ ಹೇಳ್ಯಾರ."

ಅದು ಸುಳ್ಳು. ಆ ಕಚೇರಿಯಲ್ಲಿ ನಾನು ಹೇಳಿದ ಎರಡನೆಯ ಸುಳ್ಳು. ಖಾದರ್ ಸಾಹೇಬರು, "ಹಾಂಗಂದ್ರ ಮುಗೀತು" ಎಂದು ಹೊರಗೆ ಹೋಗಿ ತಮ್ಮ ಬಿಸಿಲಿನಲ್ಲಿ ಕುಳಿತರು.

ಭಾದ್ರಪದದ ಕೊನೆಯಲ್ಲಿ ಎರಡು ಕೋಷ್ಟಕಗಳನ್ನು ಜೋಡಿಸಿದೆವು. ಜೋಡಣೆಯ ನಿಯಮ ಸರಳ: ಎರಡರಲ್ಲಿಯೂ ಇದ್ದವರು ಉಳಿಯುತ್ತಾರೆ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದವರು ಸದ್ದಿಲ್ಲದೆ ಬಿದ್ದುಹೋಗುತ್ತಾರೆ. ಯಂತ್ರವು ಬಿದ್ದವರ ಹೆಸರನ್ನು ಹೇಳುವುದಿಲ್ಲ. ಉಳಿದವರನ್ನು ಮಾತ್ರ ಅಂದವಾಗಿ ಮುದ್ರಿಸುತ್ತದೆ. ಅಂಚಿನಲ್ಲಿ ತೂತುಗಳಿದ್ದ ಅಗಲ ಕಾಗದ ಮಡಿಕೆ ಮಡಿಕೆಯಾಗಿ ಕೆಳಗಿಳಿಯಿತು. "ಚೊಕ್ಕಟವಾಗಿದೆ ಮಾಣಿಕ್" ಎಂದರು ಸರ್. ಅವರು ಅಂದೇ ಸಭೆಗೆಂದು ಬೀದರಿಗೆ ಹೊರಟರು. ಮರುದಿನ ಅಂತಿಮ ಪ್ರತಿ ತೆಗೆಯಬೇಕು; ಹಂಚಿಕೆಯ ದಿನ ಆಗಲೇ ಗೊತ್ತಾಗಿತ್ತು.

ಅವರು ಹೋದ ಮೇಲೆ ನಾನು ಅಕ್ಕನ ಊರಿನ ಮಡಿಕೆಯನ್ನು ತೆರೆದೆ. ಬೇರೆ ಓಣಿಗಳ ಕೆಲವು ಹೆಸರುಗಳಿದ್ದವು. ಮದುವೆಯಲ್ಲಿ ಹೆಸರು ಬದಲಿಸದ ಮನೆಯವರು ಅವರು. ಅಕ್ಕನ ಓಣಿಯಿಂದ ಒಂದೂ ಇರಲಿಲ್ಲ. ಶಾಂತಾ ಇರಲಿಲ್ಲ, ರುಕ್ಮಿಣಿಯೂ ಇರಲಿಲ್ಲ. ಬೇರೆ ಹಳ್ಳಿಗಳ ಮಡಿಕೆಗಳನ್ನು ತಿರುವಿದೆ. ಎಲ್ಲ ಕಡೆಯೂ ಅದೇ.

ಸರಿಪಡಿಸುವ ದಾರಿ ಗೊತ್ತಿತ್ತು. ಖಾದರ್ ಸಾಹೇಬರನ್ನು ಕೂಡಿಸಿಕೊಂಡು ರಿಜಿಸ್ಟರುಗಳನ್ನು ಮೊದಲಿನಿಂದ ತೆರೆದು, ಉರ್ಫ್‌ನ ಆಚೆಗಿದ್ದ ಹೆಸರುಗಳನ್ನೆಲ್ಲ ತುಂಬಬೇಕು. ಮೂರು ದಿನದ ಕೆಲಸ. ಅದಕ್ಕೆ ಮೊದಲು ಬೀದರಿಗೆ ಫೋನ್ ಮಾಡಿ, ಅಂದು ನೀವು ಕೇಳಿದಾಗ ನಾನು ತಪ್ಪು ಹೇಳಿದೆ ಎನ್ನಬೇಕು. ಫೋನು ಹೊರಗಿನ ಕೋಣೆಯಲ್ಲಿತ್ತು. ನಾನು ಎದ್ದು ಅಲ್ಲಿಯವರೆಗೆ ಹೋದೆ. ಖಾದರ್ ಸಾಹೇಬರು ಚಹಾ ಬಸಿಯಲ್ಲಿ ಸುರಿದುಕೊಂಡು ಕುಡಿಯುತ್ತಿದ್ದರು, ತಲೆ ಎತ್ತಿ, "ಏನು ಬೇಕ್ರಿ?" ಎಂದರು. ಕಾಯಂ ಆಗುವುದಕ್ಕೆ ನನಗೆ ಆರು ವಾರ ಉಳಿದಿದ್ದವು. "ಏನಿಲ್ರಿ" ಎಂದು ತಿರುಗಿ ಬಂದೆ.

ಬಂದು ಕುಳಿತು ಸಮೀಕ್ಷೆಯ ಕೋಷ್ಟಕವನ್ನು ತೆರೆದು, ಶಾಂತಾ ಎಂಬ ಹೆಸರಿನ, ತುಕಾರಾಮ ಎಂಬ ಗಂಡನ ಒಂದು ಸಾಲನ್ನು ಹುಡುಕಿದೆ. ಶಾಂತಾ ಅಳಿಸಿ ರುಕ್ಮಿಣಿ ಎಂದು ಬರೆದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಇದು ಸುಳ್ಳಲ್ಲ, ಎರಡೂ ಅವಳ ಹೆಸರೇ ಎಂದು ನನಗೆ ನಾನೇ ಹೇಳಿಕೊಂಡೆ. ಅದರ ಕೆಳಗಿನ ಸಾಲು ಗಂಗಾಬಾಯಿಯದು. ರೇಷನ್ ಪಟ್ಟಿಯಲ್ಲಿ ಆಕೆ ಕಮಲಾ. ಆ ಓಣಿಯ ಹೆಣ್ಣುಮಕ್ಕಳ ಹೆಸರುಗಳನ್ನು ಬದಲಿಸಲು ಹತ್ತು ನಿಮಿಷ ಸಾಕಾಗುತ್ತಿತ್ತು. ಆದರೆ ಒಂದು ಇಡೀ ಓಣಿ ಪಟ್ಟಿಯಲ್ಲಿ ಹೊಸದಾಗಿ ಎದ್ದು ನಿಂತರೆ ಸರ್ ಅವರ ಕಣ್ಣಿಗೆ ಬೀಳುತ್ತದೆ. ಒಂದು ಸಾಲು ಬೀಳುವುದಿಲ್ಲ. ಈ ಲೆಕ್ಕಾಚಾರವನ್ನು ನಾನು ಅತ್ಯಂತ ಸ್ಪಷ್ಟವಾಗಿ ಮಾಡಿದೆನೆಂಬುದನ್ನು ಇಲ್ಲಿ ದಾಖಲಿಸಬೇಕಾಗಿದೆ.

ಹಂಚಿಕೆಯ ದಿನ ಬಸವಕಲ್ಯಾಣದಲ್ಲಿ ಶಾಮಿಯಾನ ಹಾಕಿದ್ದರು. ಹಳ್ಳಿಹಳ್ಳಿಗಳಿಂದ ಜನರು ಟ್ರಾಕ್ಟರುಗಳಲ್ಲಿ ಬಂದಿದ್ದರು. ಅಕ್ಕನ ಓಣಿಯವರೂ ಒಂದೇ ಟ್ರಾಲಿಯಲ್ಲಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಹೆಸರುಗಳನ್ನು ಕೂಗುತ್ತ ಹೋದರು. "ರುಕ್ಮಿಣಿ ಗಂಡ ತುಕಾರಾಮ" ಎಂದಾಗ ಓಣಿಯ ಹೆಣ್ಣುಮಕ್ಕಳು ಸೀಟಿ ಹೊಡೆದಂತೆ ಕೂಗಿ ಅಕ್ಕನನ್ನು ಮುಂದೆ ನೂಕಿದರು. ಗಂಗಾಬಾಯಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೆ ಊರು ಬದಲಾಯಿತು. ಮುಂದಿನ ಹಳ್ಳಿಯ ಹೆಸರು ಕೂಗಿದರು. ಗಂಗಾಬಾಯಿ ಸ್ವಲ್ಪ ಹೊತ್ತು ಹಾಗೆಯೇ ನಗುಮೊಗದಿಂದ ನಿಂತೇ ಇದ್ದಳು.

ಮರುದಿನವೇ ಓಣಿಯವರೆಲ್ಲ ಹುಮನಾಬಾದಿನ ಕಚೇರಿಗೆ ಬಂದರು. ಅಕ್ಕ ಬಂದಿರಲಿಲ್ಲ. ಖಾದರ್ ಸಾಹೇಬರು ರಿಜಿಸ್ಟರನ್ನು ತಂದು ವಿಶ್ವನಾಥ ಸರ್ ಅವರ ಮುಂದೆ ತೆರೆದಿಟ್ಟು, ಉರ್ಫ್‌ನ ಮೇಲೆ ಬೆರಳಿಟ್ಟರು. ಸರ್ ಅವರಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವರು ಗಂಗಾಬಾಯಿಯನ್ನೇ ಕೇಳಿದರು, "ಅಮ್ಮಾ, ನಿಮ್ಮ ಹೆಸರೇನು?"

"ಯಾವ ಮನಿದು ಹೇಳ್ಲಿ ಸಾಹೇಬ್ರ?" ಎಂದಳು ಆಕೆ.

ಅವರು ಒಂದು ಚೌಕಳಿ ಹಾಳೆ ತೆಗೆದು, ಅಲ್ಲೇ, ಮೂರನೆಯ ಕೋಷ್ಟಕವೊಂದನ್ನು ಬರೆದರು. ಪ್ರತಿಯೊಬ್ಬಳಿಗೆ ಒಂದು ಸಂಖ್ಯೆ. ಆ ಸಂಖ್ಯೆಯ ಮುಂದೆ ಆಕೆಗೆ ಎಷ್ಟು ಹೆಸರುಗಳಿವೆಯೋ ಅಷ್ಟು ಸಾಲುಗಳು. ಒಂದು ಚೌಕಕ್ಕೆ ಒಂದೇ ಮೌಲ್ಯವೆಂಬ ನಿಯಮವೂ ಕೆಡಲಿಲ್ಲ. ಒಂದು ಹೆಸರೂ ಬೀಳಲಿಲ್ಲ. ನಾನು ಕಾಪಾಡಲು ಹೋದ ನಿಯಮದಲ್ಲಿ ಇವರಿಗೆಲ್ಲ ಮೊದಲಿನಿಂದಲೂ ಜಾಗವಿತ್ತು. ಪೆನ್ಸಿಲ್ ಇಟ್ಟು ಅವರು ಮುದ್ರಿತ ಪಟ್ಟಿಯನ್ನು ಎಳೆದುಕೊಂಡು ಆ ಊರಿನ ಪುಟವನ್ನು ನೋಡಿದರು. ರುಕ್ಮಿಣಿಯ ಸಾಲಿನ ಮೇಲೆ ಅವರ ಬೆರಳು ನಿಂತಿತು. ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ಕೇಳಿದ್ದರೆ ನಾನು ಬಹುಶಃ ಮೂರನೆಯ ಸುಳ್ಳನ್ನೂ ಹೇಳುತ್ತಿದ್ದೆ.

ಹೊಸ ಪಟ್ಟಿಯನ್ನು ಮೇಲಿನವರಿಗೆ ಕಳಿಸಿದೆವು. ನಿವೇಶನಗಳು ಮುಗಿದಿವೆ, ಮುಂದಿನ ಹಂತದಲ್ಲಿ ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು. ಮುಂದಿನ ಹಂತ ಬರಲಿಲ್ಲ. ವಿಶ್ವನಾಥ ಸರ್ ತಮ್ಮ ವರದಿಯಲ್ಲಿ, ಸ್ಥಳೀಯ ಪದ್ಧತಿಯನ್ನು ವಿಚಾರಿಸದೆ ವಿನ್ಯಾಸ ಮಾಡಿದ ತಪ್ಪು ತಮ್ಮದೆಂದು ಬರೆದುಕೊಂಡರು. ವಿಚಾರಿಸಿದ್ದರು ಎಂದು ನಾನು ಯಾರಿಗೂ ಹೇಳಲಿಲ್ಲ. ಅವರು ಚಳಿಗಾಲಕ್ಕೆ ಮೊದಲೇ ಊರು ಬಿಟ್ಟು ಹೋದರು. ಪಟ್ಟಿ ನಿಗದಿಯಾದ ದಿನಕ್ಕೆ ಹೊರಬಂದಿದ್ದರಿಂದ ನನ್ನನ್ನು ಕಾಯಂ ಮಾಡಿದರು.

ತೊಗರಿ ರಾಶಿಯಾಯಿತು. ಸಾವುಕಾರರು ಮಾತಿಗೆ ತಪ್ಪಲಿಲ್ಲ. ಓಣಿಯವರು ಕೆಲವರು ಚಿಟಗುಪ್ಪದ ಕಡೆ, ಕೆಲವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದರು. ಗಂಗಾಬಾಯಿ ಯಾವ ಕಡೆ ಹೋದಳೆಂದು ಅಕ್ಕನಿಗೂ ತಿಳಿಯಲಿಲ್ಲ; ಹೋಗುವಾಗ ಆಕೆ ಹೇಳಿ ಹೋಗಿರಲಿಲ್ಲ.

ಯುಗಾದಿಯ ಮುಂದೆ ನಾನು ಅಕ್ಕನ ಹೊಸ ಮನೆಗೆ ಹೋದೆ. ಹಂಚಿದ ನಿವೇಶನಗಳ ಮೇಲೆ ಸಾಲಾಗಿ ಕಟ್ಟಿದ ಒಂದೇ ಮಾದರಿಯ ಮನೆಗಳು. ಸುತ್ತಲೂ ಬೇರೆ ಓಣಿಗಳಿಂದ, ಬೇರೆ ಹಳ್ಳಿಗಳಿಂದ ಬಂದವರು. ಅಕ್ಕ ನೀರು ಕೊಟ್ಟಳು. ರೊಟ್ಟಿ ಬಡಿಸಿದಳು. ಎದುರಿಗೆ ಕುಳಿತು ಕೇಳಿದಳು:

"ಗಂಗಾಬಾಯಿನ ಇನ್ನೊಂದು ಹೆಸರು ನಿನಗ ಗೊತ್ತಿರಲಿಲ್ಲೇನು?"

"ಗೊತ್ತಿತ್ತು."

"ನಂದು ಹ್ಯಾಂಗ ಸಿಕ್ತು, ಆಕಿಂದು ಹ್ಯಾಂಗ ಸಿಗಲಿಲ್ಲ ಅಂತ ಎಲ್ರೂ ಕೇಳಿದ್ರು. ನನ್ನ ತಮ್ಮ ಅಲ್ಲಿ ಇದ್ದಾನ ಅಂತ ಯಾರೂ ಬಾಯಿ ಬಿಟ್ಟು ಅನ್ನಲಿಲ್ಲ ನೋಡು. ಅಂದಿದ್ರ ಬೇಶ್ ಇತ್ತು."

ನಾನು ರೊಟ್ಟಿ ಮುರಿದುಕೊಂಡು ಕುಳಿತಿದ್ದೆ.

"ಕಳೆ ತಗಿಯಾಕ ಹೋದಾಗ ಅತ್ತಿ ಮಾವ ಯಾರೂ ಇರಂಗಿಲ್ಲ. ಹೊಲದಾಗ ನಾವು ಒಬ್ರಿಗೊಬ್ರು ತವರ ಹೆಸರೀಲೆ ಕರಿತಿದ್ವಿ" ಎಂದಳು. "ಏ ಶಾಂತಾ, ಏ ಗಂಗಾ ಅಂತ. ಮನಿಗಿ ಬಂದ್ರ ಮತ್ತ ರುಕ್ಮಿಣಿ, ಕಮಲಾ. ಈ ಸಾಲಿನಾಗ ನನಗ ಶಾಂತಾ ಅನ್ನವ್ರು ಒಬ್ರೂ ಇಲ್ಲೋ ತಮ್ಮಾ."

ನಾನೊಬ್ಬನಿದ್ದೆ. ಆದರೆ ನಮ್ಮಲ್ಲಿ ತಮ್ಮನಾದವನು ಅಕ್ಕನನ್ನು ಹೆಸರು ಹಿಡಿದು ಕರೆಯುವುದಿಲ್ಲ.